ಕಾಕು ಕಟ್ಟಿದ ಗಂಟು

ಡಬ್ಬಿಯ ಬಾಯಿ ಕಟ್ಟಿದಂತೆಯೇ ಇತ್ತು. ಮುಚ್ಚಳದ ಸಂದಿಯಿಂದ ಮಾತ್ರ ಹಳೆಯ ಬೆಲ್ಲದ ವಾಸನೆ ಬರುತ್ತಿತ್ತು. ಸ್ವಲ್ಪ ಹುಳಿ, ಸ್ವಲ್ಪ ಸುಟ್ಟದ್ದು.

ಎದುರುಮನೆಯ ಸೊಸೆ ಅದನ್ನು ಬೆಳಿಗ್ಗೆ ತಂದು ನನ್ನ ಕಟ್ಟೆಯ ಮೇಲೆ ಇಟ್ಟಳು. "ಮಗ್ಗದ ಮನಿ ಸುಣ್ಣಾ ಹಚ್ಚಾಕತ್ತೇವ್ರಿ ಬಾಯಾರ. ಗ್ವಾಡಿ ಮಾಡದಾಗ ಹಿಂದ ಸಿಕ್ತು. ಈ ಗಂಟ ಯಾರಿಗೂ ಬಿಚ್ಚಾಕ ಬರವಲ್ದು. ಕತ್ತರಿ ಹಾಕೂನಂದ್ರ ಮನಸ ಆಗಲಿಲ್ಲ" ಎಂದಳು.

ಬಿಚ್ಚಲು ಬಾರದಿದ್ದುದು ಸಹಜ. ಆ ಗಂಟು ನನ್ನದು. ಬ್ಯಾಂಡೇಜ್ ಬಟ್ಟೆಯ ಪಟ್ಟಿ, ಅದಕ್ಕೆ ಹೊಲಿಗೆ ಹಾಕುವಾಗ ಡಾಕ್ಟರರು ಬಳಸುವ ಗಂಟು. ಕೆಲಸದ ದಿನಗಳಲ್ಲಿ ನೋಡಿ ನೋಡಿ ಕಲಿತದ್ದು. ಡಬ್ಬಿ ಈ ಸೊಸೆಯ ಅತ್ತೆಯದು…

ಸರಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲಿ ನರ್ಸ್ ಆಗಿ ದುಡಿದು, ನಿವೃತ್ತಳಾದ ಮೇಲೆ ಬನಹಟ್ಟಿಯ ಈ ಓಣಿಯಲ್ಲಿ ಮನೆ ಮಾಡಿದೆ. ಓಣಿಯ ತುಂಬ ಕರೆಂಟಿನ ಮಗ್ಗಗಳು. ಬೆಳಗಾದರೆ ಖಟಖಟ ಶುರುವಾಗಿ ಗೋಡೆಯ ಮೇಲಿನ ತಾಟುಗಳೂ ಅದರ ತಾಳಕ್ಕೆ ನಡುಗುತ್ತಿದ್ದವು. ನನಗೆ ಅದು ಹಿತವಾಗಿತ್ತು. ಹೊತ್ತಿಗೆ ಸರಿಯಾಗಿ ಶುರುವಾಗಿ ಹೊತ್ತಿಗೆ ಸರಿಯಾಗಿ ನಿಲ್ಲುವ ಯಾವುದೂ ನನಗೆ ಹಿತವೇ.

ಎದುರುಮನೆಯಾಕೆಯನ್ನು ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನನಗಿಂತ ಸ್ವಲ್ಪ ಸಣ್ಣವಳಾದರೂ ನಾನೂ ಹಾಗೆಯೇ ಕರೆದೆ. ಗಂಡ ಮತ್ತು ಮಗ ಮಗ್ಗ ನಡೆಸುತ್ತಿದ್ದರು. ಆಕೆ ಬಾಗಿಲ ಬಳಿ ಕುಳಿತು ಮಗ್ಗಕ್ಕೆ ಬೇಕಾದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಬೆಳಿಗ್ಗೆ ಕುಳಿತರೆ ದೀಪ ಹಚ್ಚುವ ತನಕ ಅಲ್ಲೇ. ಪಕ್ಕದಲ್ಲಿ ಈ ಡಬ್ಬಿ, ಅದರ ತುಂಬ ಬೆಲ್ಲ ಮತ್ತು ಹುರಿದ ಶೇಂಗಾ. ಕೈ ನೂಲಿನ ಮೇಲೆ, ಬಾಯಿ ಬೆಲ್ಲದ ಮೇಲೆ.

ಆಕೆ ನನ್ನ ಮನೆಯ ಹೊಸ್ತಿಲು ಮೊದಲು ತುಳಿದದ್ದು ಒಂದು ಮಧ್ಯಾಹ್ನ. ನಾನು ವಾರ್ಡಿನ ಅಭ್ಯಾಸದಂತೆ ನಿಂತುಕೊಂಡೇ ಊಟ ಮಾಡುತ್ತಿದ್ದೆ. ಬಂದವಳು ಕೂರಲಿಲ್ಲ.

"ನರ್ಸಬಾಯಾರ, ಸಕ್ಕರಿ ಬ್ಯಾನಿಗೆ ಕಾಲ ಕಡೀತಾರಂತ, ಖರೇನ?"

ಗಲಗಲಿ ಊರಿಗೆ ಕೊಟ್ಟಿದ್ದ ಆಕೆಯ ಅಕ್ಕನಿಗೆ ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ ತೆಗೆದಿದ್ದರು. ಅಕ್ಕ ಆ ವರ್ಷ ದಾಟಲಿಲ್ಲ. ಈಗ ಡಾಕ್ಟರರು ಈಕೆಗೂ ಹೇಳಿದ್ದರು, ಸಕ್ಕರೆ ಇಳಿಸಿಕೊಳ್ಳದಿದ್ದರೆ ಕಾಲಿನ ಭರವಸೆ ಕೊಡಲಾರೆ ಎಂದು.

"ದಿನಾ ನಡೀಬೇಕು. ಹಿಡದು ಉಣ್ಣಬೇಕು. ಹಂಗ ಮಾಡಿದ್ರ ಉಳೀತೈತಿ" ಎಂದೆ.

"ಒಬ್ಬಾಕಿ ಕೈಲೆ ಆಗೂದಲ್ರಿ ಅದು." ನನ್ನ ತಾಟು ನೋಡಿದಳು. ಮೊಸರನ್ನ, ಅದರ ಪಕ್ಕ ಉಪ್ಪಿನಕಾಯಿಯ ಗುಡ್ಡೆ. "ನಿಮಗ ಏನೂ ಬ್ಯಾನಿ ಇಲ್ಲೇನು?"

"ಬಿ.ಪಿ. ಐತಿ."

"ಬಿ.ಪಿ.ಗೆ ಇಷ್ಟ ಉಪ್ಪಿನಕಾಯಿ ನಡೀತೈತೇನ್ರಿ? ನೀವು ಮಂದಿಗಿ ಶಾಣ್ಯಾತನ ಹೇಳವ್ರು!"

ಹೀಗೆ ಶುರುವಾಯಿತು. ಡಬ್ಬಿಯನ್ನು ಎಸೆದುಬಿಡು ಎಂದರೆ ಆಕೆ ಒಪ್ಪಲಿಲ್ಲ. "ಒಗದ್ರ ಬಾಯಿ ಇನ್ನೊಂದ ಮನಿ ಹುಡಕತೈತ್ರಿ. ಕಣ್ಣ ಮುಂದ ಇರಲಿ, ಕಟ್ಟಿರಲಿ." ಆಕೆಯ ಡಬ್ಬಿಗೆ ನಾನು ಗಂಟು ಹಾಕಿದೆ. ನನ್ನ ಉಪ್ಪಿನಕಾಯಿಯ ಭರಣಿಗೆ ಆಕೆ ರೇಷ್ಮೆ ನೂಲು ಸುತ್ತಿ ನೇಕಾರರ ಗಂಟು ಹಾಕಿದಳು. ಮಗ್ಗದ ಮೇಲೆ ಎಳೆ ಹರಿದಾಗ ಸೇರಿಸುವ ಗಂಟು ಅದು, ಎಳ್ಳಿನ ಕಾಳಿಗಿಂತ ಸಣ್ಣದು. ಆಕೆಯ ಗಂಟು ನನಗೆ ಬಾರದು, ನನ್ನದು ಆಕೆಗೆ ಬಾರದು. ಬಿಚ್ಚಿದವರು ಸಿಕ್ಕಿಬೀಳಲೇಬೇಕು. ದಿನಾ ಬೆಳಿಗ್ಗೆ ಬಂದವಳೇ ಆಕೆ ಮೊದಲು ಭರಣಿಯ ಬಳಿ ಹೋಗಿ, ಬೆರಳ ತುದಿಯಿಂದ ಗಂಟು ಮುಟ್ಟಿ ನೋಡಿ, "ಐತಿ, ನಡೀರಿ" ಎನ್ನುತ್ತಿದ್ದಳು.

ಮಧ್ಯಾಹ್ನ ಇಬ್ಬರೂ ನಮ್ಮ ನಮ್ಮ ಕಟ್ಟೆಯ ಮೇಲೆ ಕುಳಿತು ಉಣ್ಣುತ್ತಿದ್ದೆವು. ಮೊದಲು ಸೌತೆಕಾಯಿ, ಹಕ್ಕರಕಿ ಸೊಪ್ಪು, ಹಸಿ ಮೆಂತ್ಯೆ. ಆಮೇಲೆ ಜೋಳದ ರೊಟ್ಟಿ, ಕಾಳಿನ ಪಲ್ಯ. ಅನ್ನ ಕಡೆಗೆ, ಒಂದೇ ಸವಟು. ಆಕೆ ಆ ಕಡೆಯಿಂದ ತಾಟು ಎತ್ತಿ ತೋರಿಸುವಳು, ನಾನು ಈ ಕಡೆಯಿಂದ ಎತ್ತುವೆ. ನಾನು ಎದ್ದು ನಿಂತರೆ ಮಗ್ಗದ ಸದ್ದನ್ನೂ ಮೀರಿ ಕೂಗುವಳು: "ಕುಂದರ್ರಿ ಬಾಯಾರ! ರೈಲ ಹೋಗೂದಿಲ್ಲ ನಿಮ್ಮದು!"

ನಡೆಯುವುದೇ ಕಷ್ಟದ ಮಾತಾಯಿತು. ಸಂಸಾರಸ್ಥ ಹೆಂಗಸು ಕೆಲಸವಿಲ್ಲದೆ ರಸ್ತೆಯಲ್ಲಿ ನಡೆದರೆ ಓಣಿಯವರು ಸುಮ್ಮನಿರುತ್ತಾರೆಯೇ? ಆಕೆಯ ಗಂಡ ಮೊದಲ ದಿನವೇ ಬಾಗಿಲಲ್ಲಿ ಅಡ್ಡ ನಿಂತಿದ್ದ. "ಎಲ್ಲಿಗಿ ಸವಾರಿ?" ಕಾಕು ಕಣ್ಣು ಮಿಟುಕಿಸದೆ, "ಗುಡಿಗಿ" ಎಂದಳು. ಅಂದಿನಿಂದ ಕೈಯಲ್ಲಿ ಪೂಜೆಯ ಬುಟ್ಟಿ, ಅದರಲ್ಲಿ ಬಿಲ್ವಪತ್ರೆ, ವಿಭೂತಿ. ರಬಕವಿ ರಸ್ತೆಯ ಕಡೆಗೆ ಹೋಗಿ, ದೂರದ ಗುಡಿಗೆ ಹೊರಗಿನಿಂದಲೇ ಕೈಮುಗಿದು ಬರುತ್ತಿದ್ದೆವು.

ಆದರೆ ದೇವರಿಗೆ ಹೊರಟವರು ಆ ಮನೆಯಲ್ಲಿ ಚಪ್ಪಲಿ ಮೆಟ್ಟುವಂತಿಲ್ಲ. ಅದು ಕಾಕುವಿನ ಅತ್ತೆಯ ಕಾಲದಿಂದ ಬಂದದ್ದು. ಈ ಕಾಯಿಲೆ ಹಳತಾದವರ ಪಾದಕ್ಕೆ ನೋವು ತಿಳಿಯುವುದಿಲ್ಲ. ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ಎಷ್ಟು ಜನರನ್ನು ಹಾಗೆ ನೋಡಿದ್ದೆ… ಕೊನೆಗೆ ಆಕೆಯ ಚಪ್ಪಲಿಯನ್ನು ನನ್ನ ಕೈಚೀಲದಲ್ಲಿ ಇಟ್ಟುಕೊಂಡೆ. ಓಣಿ ಮುಗಿದು ನೀರಿನ ಟಾಕಿ ದಾಟಿದ ಮೇಲೆ ಆಕೆ ಮೆಟ್ಟುವುದು, ಬರುವಾಗ ಅಲ್ಲೇ ಬಿಚ್ಚಿ ನನ್ನ ಚೀಲಕ್ಕೆ ಹಾಕುವುದು.

"ದೇವರು ನೋಡಾಕತ್ತಿರತಾನ್ರಿ" ಎಂದು ನಗುತ್ತಿದ್ದಳು.

"ನೋಡಲಿ. ಅವಗ ಕಾಲಿನ ಬ್ಯಾನಿ ಇಲ್ಲ" ಎನ್ನುತ್ತಿದ್ದೆ.

ತಿಂಗಳು ತಿಂಗಳೂ ಆಕೆಯ ಸಕ್ಕರೆ ಇಳಿಯಿತು. ನನ್ನ ಬಿ.ಪಿ. ಕೂಡ.

ಆ ಶ್ರಾವಣದಲ್ಲಿ ನನ್ನ ಕಣ್ಣಿನ ಪೊರೆ ತೆಗೆಸಲು ಜಮಖಂಡಿಗೆ ಹೋಗಿ ತಂಗಿಯ ಮನೆಯಲ್ಲಿ ಉಳಿಯಬೇಕಾಯಿತು. ಹೋಗುವ ಮುಂಚೆ ಚಪ್ಪಲಿಯನ್ನು ಸೊಸೆಯ ಕೈಗೆ ಕೊಟ್ಟು, ಅತ್ತೆ ಹೊರಟಾಗ ಟಾಕಿಯವರೆಗೆ ಹೋಗಿ ಕೊಡಬೇಕೆಂದು ಹೇಳಿದ್ದೆ. ಕಾಕು ತಲೆಯಾಡಿಸಿದ್ದಳು.

ತಿರುಗಿ ಬಂದ ಮರುದಿನ ಆಕೆ ಎಂದಿನಂತೆ ಬಂದು ಭರಣಿ ಮುಟ್ಟಿ, "ಐತಿ, ನಡೀರಿ" ಎಂದಳು. ಎರಡೂ ಪಾದಗಳಿಗೆ ದಟ್ಟವಾಗಿ ಅರಿಷಿಣ ಹಚ್ಚಿದ್ದಳು. ಶ್ರಾವಣದಲ್ಲಿ ಮುತ್ತೈದೆಯರು ಹಚ್ಚುವುದೇ. ಟಾಕಿ ದಾಟಿತು. ಚಪ್ಪಲಿ ಎಲ್ಲಿ ಎಂದು ಕೇಳಿದೆ.

"ಈ ತಿಂಗಳ ಬರಿಗಾಲಲೆ ನಡೀತೇನಂತ ಬೇಡಿಕೊಂಡೇನ್ರಿ. ಸಕ್ಕರಿ ಪೂರಾ ಹೋಗಲಿ ಅಂತ."

ಅಷ್ಟರಲ್ಲಿ ಗಾಳಿ ಈ ಕಡೆ ಬೀಸಿತು. ಅರಿಷಿಣದ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ. ವಾರ್ಡಿನಲ್ಲಿ ಬದುಕಿದವರು ಅದನ್ನು ಮರೆಯುವುದಿಲ್ಲ.

"ಕಾಕು, ಕುಂದ್ರು. ಕಾಲ ಕೊಡು."

"ನಿಮ್ಮ ಕೈಯಾಗ ಕಾಲ ಕೊಡ್ಲೇನು? ಪಾಪ ಬರತೈತಿ. ನಡೀರಿ, ಹೊತ್ತಾಕ್ಕೈತಿ."

"ಕೊಡು ಅಂದ್ನಿಲ್ಲ!"

ರಸ್ತೆಬದಿಯ ಕಲ್ಲಿನ ಮೇಲೆ ಕುಳ್ಳಿರಿಸಿ, ಪಾದವನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡು, ಕುಡಿಯಲು ತಂದಿದ್ದ ನೀರು ಹಾಕಿದೆ. ಹಳದಿ ಇಳಿದು ಹೋಯಿತು. ಕಿರುಬೆರಳ ಬುಡದಲ್ಲಿ ಗಾಯ, ಸುತ್ತಲೂ ಕಪ್ಪು. ನಾನು ಒತ್ತಿದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಒತ್ತಿದ್ದು ಆಕೆಗೆ ತಿಳಿದೇ ಇರಲಿಲ್ಲ.

"ಯಾವಾಗ ಆತು ಇದು?"

"ಗೊತ್ತಿಲ್ರಿ. ಜಳಕಾ ಮಾಡಾಗ ನೋಡೀನಿ. ಒಂದ ವಾರ ಆಗಿರಬೇಕು."

"ವಾರ! ಯಾರಿಗೂ ಹೇಳಲಿಲ್ಲ? ಅರಿಷಿಣಾ ಬಳದು ಮುಚ್ಚಿದಿ?"

ಆಕೆ ಬುಟ್ಟಿಯ ಪತ್ರೆಗಳನ್ನು ಸರಿಮಾಡುತ್ತ ಕುಳಿತಳು. ಆಮೇಲೆ ಮೆಲ್ಲಗೆ ಹೇಳಿದಳು: "ಹೇಳಿದ್ರ ನಡ್ಯಾಕ ಬ್ಯಾಡಂತಿದ್ರಿ. ನಾ ಹೊಸ್ತಿಲ ದಾಟೂದು ಇದೊಂದ ತಾಸು, ಬಾಯಾರ. ಅಲ್ಲಿ ಕುಂತ್ರ ಮಗ್ಗ, ಎದ್ರ ಒಲಿ. ಇಲ್ಲಿ ಬಂದಾಗ ನನಗ ನನ್ನ ದನಿ ಕೇಳತೈತಿ."

ಅಲ್ಲಿಂದ ಒಂದು ಹೆಜ್ಜೆಯನ್ನೂ ಇಡಗೊಡದೆ, ಹೋಗುತ್ತಿದ್ದ ಆಟೋ ನಿಲ್ಲಿಸಿ ಮನೆಗೆ ಕರೆತಂದೆ.

ಗಂಡ ಮಗ್ಗದಿಂದ ಕತ್ತು ಎತ್ತಲಿಲ್ಲ. ವಿಷಯ ತಿಳಿದ ಮೇಲೆ ಸದ್ದಿನ ನಡುವೆಯೇ ಕೂಗಿದ: "ನಾ ಮೊದಲ ಹೇಳಿದ್ನಿ! ಊರ ತಿರಗಿ ತಿರಗಿ ಕಾಲ ಕೆಡಿಸಿಕೊಂಡ್ಲು. ಮನ್ಯಾಗ ಸುಮ್ಮ ಕುಂತಿದ್ರ ಏನಾಗತಿತ್ತು? ಇರಲಿ, ಗಿಡಮೂಲಿಕಿ ಗೌಂಟಿ ಔಷಧ ಐತಿ, ಹಚ್ಚೂನು. ಎರಡ ದಿನಾ ನೋಡೂನು."

"ಎರಡ ದಿನಾ ನೋಡಿದ್ರ ಕಾಲ ಹೋಗತೈತಿ" ಎಂದೆ.

"ನೀವ ಸುಮ್ಮನಿರ್ರಿ ಬಾಯಾರ. ನಿಮ್ಮಿಂದನ ಆಗೇತಿ ಇದೆಲ್ಲಾ."

ಆಗ ಕಾಕು ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು. ಗಂಡನೆದುರು ಆಕೆ ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಬಾಯಾರಿಗಿ ಅನಬ್ಯಾಡ್ರಿ. ಚಪ್ಪಲ್ ಹಾಕ್ಕೋ ಅಂದಾರ ಅವರು, ಬಿಟ್ಟಾಕಿ ನಾನು. ಕುಂತಿದ್ದಕ್ಕ ಬಂದ ಬ್ಯಾನಿ ಇದು, ನಡದದ್ದಕ್ಕಲ್ಲ. ನಮ್ಮ ಅಕ್ಕನ ಮನ್ಯಾಗೂ ಎರಡ ದಿನಾ ನೋಡೂನು ಅಂದಿದ್ರು."

ಗಂಡ ಆಕೆಯ ಪಾದ ನೋಡಿದ. ಆಮೇಲೆ ಕೈ ಚಾಚಿ ಮಗ್ಗ ನಿಲ್ಲಿಸುವ ಬಟನ್ ಒತ್ತಿದ. ಮಗನೂ ಒತ್ತಿದ. ನೇಯುವ ಹೊತ್ತಿನಲ್ಲಿ ಆ ಮನೆ ಸ್ತಬ್ಧವಾದದ್ದು ನನಗೆ ತಿಳಿದಂತೆ ಅದೇ ಮೊದಲು. ಓಣಿಯವರು ಹೊರಗೆ ಬಂದು ನಿಂತರು.

ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಒಯ್ದೆವು. ಒಳಗೆ ಒಯ್ಯುವಾಗ ಆಕೆ ನನ್ನ ಸೆರಗು ಹಿಡಿದು, "ನಾ ಇಲ್ಲಂತ ಭರಣಿ ಬಿಚ್ಚೀರಿ ಮತ್ತ" ಎಂದಳು.

ಹೊರಗಿನ ಬೆಂಚಿನ ಮೇಲೆ ನಾವು ಕುಳಿತೆವು. ಗಂಡನ ತಲೆಗೂದಲಿನಲ್ಲಿ ಇನ್ನೂ ನೂಲಿನ ಧೂಳು ಇತ್ತು. ತಡೆದು ತಡೆದು ಕೇಳಿದ: "ಉಳೀತೈತೇನ್ರಿ ಬಾಯಾರ, ಕಾಲ?"

ಅಂಥ ಬಾಗಿಲಿನ ಒಳಗಡೆ ನಿಂತೇ ನನ್ನ ಆಯುಷ್ಯ ಕಳೆದಿತ್ತು. ಹೊರಗಿನ ಬೆಂಚು ಹೇಗಿರುತ್ತದೆಂದು ಆ ದಿನ ತಿಳಿಯಿತು. ಕಾಕುವಿನ ಅಕ್ಕನದೂ ಬೆರಳಿನಿಂದಲೇ ಶುರುವಾಗಿತ್ತಲ್ಲ…

ಡಾಕ್ಟರರು ಬಂದರು. ಕಿರುಬೆರಳು ತೆಗೆದಿದ್ದರು. ಪಾದ ಉಳಿದಿತ್ತು. "ಇಷ್ಟು ತಿಂಗಳು ಸಕ್ಕರೆ ಹಿಡಿತದಲ್ಲಿ ಇಟ್ಟುಕೊಂಡಿದ್ದಾರೆ, ಅದಕ್ಕೇ ಗಾಯ ಮೇಲಕ್ಕೆ ಏರಿಲ್ಲ. ಇಲ್ಲದಿದ್ದರೆ ಬೇರೆಯೇ ಮಾತು ಹೇಳಬೇಕಾಗುತ್ತಿತ್ತು" ಎಂದರು. ಗಂಡ ಮುಖಕ್ಕೆ ಟವೆಲ್ ಒತ್ತಿಕೊಂಡ.

ಗಾಯ ಮಾಗಿ, ನಡೆಯಬಹುದು ಎಂದು ಡಾಕ್ಟರರು ಹೇಳುವ ಹೊತ್ತಿಗೆ ಕಬ್ಬಿನ ಹಂಗಾಮು ಬಂದಿತ್ತು. ರಸ್ತೆಯ ತುಂಬ ಹಾಡು ಹಚ್ಚಿಕೊಂಡ ಟ್ರ್ಯಾಕ್ಟರುಗಳು. ಮೊದಲ ದಿನ ನಾನು ಚೀಲ ಹಿಡಿದು ಎದುರುಮನೆಯ ಮುಂದೆ ನಿಂತಾಗ, ಗಂಡ ಒಳಗಿನಿಂದ ಹೊಸ ಚಪ್ಪಲಿ ತಂದು ಹೊಸ್ತಿಲ ಮೇಲೆ ಇಟ್ಟ. "ಹಾಕ್ಕೋ" ಎಂದ, ಬೇರೆ ಕಡೆ ನೋಡುತ್ತ. ಕಾಕು ಬುಟ್ಟಿಯನ್ನು ಒಳಗೇ ಬಿಟ್ಟು ಬಂದಳು.

ಮೂಲೆಮನೆಯಾಕೆ ಅಂಗಳ ಗುಡಿಸುತ್ತ ಕೇಳಿದಳು: "ಚಪ್ಪಲ್ ಹಾಕ್ಕೊಂಡ ಯಾವ ಗುಡಿಗಿ ಹೊಂಟ್ರಿ ಕಾಕು?"

"ಗುಡಿಗಿ ಅಲ್ಲಬೇ. ಸುಮ್ಮ ನಡ್ಯಾಕ ಹೊಂಟೀನಿ. ಬರ್ತಿ ಏನು?"

ಅದಾದ ಮೇಲೆ ಕೆಲವು ವರ್ಷ ನಡೆದೆವು. ಸಂಕ್ರಾಂತಿಗೊಮ್ಮೆ ಗಂಟುಗಳನ್ನು ಬಿಚ್ಚುತ್ತಿದ್ದೆವು. ಆಕೆಗೆ ಒಂದು ಚೂರು ಬೆಲ್ಲ, ನನಗೆ ಒಂದು ಹೋಳು ಉಪ್ಪಿನಕಾಯಿ. ತಿರುಗಿ ಕಟ್ಟುತ್ತಿದ್ದೆವು.

ಒಂದು ಚಳಿಗಾಲದ ಬೆಳಿಗ್ಗೆ ನಾನು ಎಂದಿನ ಹೊತ್ತಿಗೆ ಹೊರಗೆ ಬಂದೆ. ಎದುರುಮನೆಯ ಬಾಗಿಲು ತೆರೆದಿತ್ತು, ಆದರೆ ಮಗ್ಗ ಶುರುವಾಗಿರಲಿಲ್ಲ. ಅಲ್ಲಿಯೇ ನನಗೆ ತಿಳಿಯಿತು. ನಿದ್ದೆಯಲ್ಲೇ ಕಾಕುವಿನ ಹೃದಯ ನಿಂತಿತ್ತು. ಹೆಂಗಸರು ಆಕೆಯನ್ನು ಮೀಯಿಸಿ, ಮುತ್ತೈದೆಯೆಂದು ಪಾದಗಳಿಗೆ ಅರಿಷಿಣ ಹಚ್ಚಿದ್ದರು. ಆ ಹಳದಿ ನೋಡಿದ್ದೇ ತಡ, ನಾನು ಬಗ್ಗಿ ಎರಡೂ ಪಾದಗಳನ್ನು ಅಡಿಯಿಂದ ಮುಟ್ಟಿ ನೋಡಿದೆ. ನಮಸ್ಕಾರ ಮಾಡುತ್ತಿದ್ದೇನೆಂದು ಸುತ್ತಲಿನವರು ತಿಳಿದರು. ಗಾಯ ಎಲ್ಲಿಯೂ ಇರಲಿಲ್ಲ. ಬೆರಳೊಂದನ್ನು ಬಿಟ್ಟು ಎಲ್ಲವನ್ನೂ ಆಕೆ ತನ್ನೊಂದಿಗೆ ಒಯ್ದಳು…

ಇಂದು ಬೆಳಿಗ್ಗೆ ಸೊಸೆಯೆದುರು ಪಟ್ಟಿಯ ತುದಿ ಹುಡುಕಿ ಗಂಟು ಬಿಚ್ಚಿದೆ. ಬೆಲ್ಲ ಕರಗಿ, ಮತ್ತೆ ಗಟ್ಟಿಯಾಗಿ, ಕಪ್ಪಗೆ ಡಬ್ಬಿಯ ತಳಕ್ಕೆ ಹಿಡಿದಿತ್ತು. ಸೊಸೆ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಹೊರಟವಳು ಒಳಗಿನ ಶೆಲ್ಫಿನ ಮೇಲಿನ ಭರಣಿ ನೋಡಿದಳು. ರೇಷ್ಮೆ ನೂಲಿನ ಬಣ್ಣ ಮಾಸಿದೆ.

"ಇದ್ರಾಗಿನ ಕಾಯಿನೂ ಕೆಟ್ಟಿರತಾವ್ರಿ ಬಾಯಾರ. ಬಿಚ್ಚಿ ತೊಳದು ಕೊಡ್ತೇನಿ. ಬೇಕಂದ್ರ ಹೊಸಾದ ತುಂಬಿ ನಾನ ಕಟ್ಟತೇನಿ. ಈ ಗಂಟ ನನಗೂ ಬರತೈತಿ."

"ಬ್ಯಾಡವ್ವ. ಇರಲಿ."

ಅವಳು ಹೋದ ಮೇಲೆ ಚಪ್ಪಲಿ ಮೆಟ್ಟಿಕೊಂಡೆ. ನಡೆಯುವ ಹೊತ್ತು ಮೀರುತ್ತಿತ್ತು. ಆ ಗಂಟು ಹಾಕಲು ಈ ಓಣಿಯಲ್ಲಿ ಮನೆಮನೆಯವರಿಗೂ ಬರುತ್ತದೆ. ಬೆಳಿಗ್ಗೆ ಒಳಗೆ ಬಂದು ಅದನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ, "ಐತಿ, ನಡೀರಿ" ಎನ್ನುವವಳು ಇಲ್ಲ.