ಮಹಾಂತಪ್ಪ ಬಂದ್ ಮಾಡದ ಸರ್ವರು

ನಾರಾಯಣಪೇಟೆಯ ಅರ್ಧ ಊರಿಗೆ ಇಂಟರ್ನೆಟ್ ಹಂಚುವ ಮಹಾಂತಪ್ಪನ ಅಂಗಡಿಯಲ್ಲಿ ರೌಟರ್ ಎಂಬ ವಸ್ತುವೇ ಇಲ್ಲ. ಹೈದರಾಬಾದಿನಿಂದ ಬಂದ ಲೀಸ್ಡ್ ಲೈನು, ಅಂದರೆ ಬಾಡಿಗೆಯ ಇಂಟರ್ನೆಟ್ ತಂತಿ, ಸೀದಾ ಒಂದು ಹಳೆಯ ಯುನಿಕ್ಸ್ ಸರ್ವರ್ ಕಂಪ್ಯೂಟರಿನ ಬೆನ್ನಿಗೆ ಸೇರಿ, ಅಲ್ಲಿಂದ ಸೀರೆ ಅಂಗಡಿಗಳಿಗೂ ಶಾಲೆಗಳಿಗೂ ಹರಿಯುತ್ತದೆ. ಕರೆಂಟು ಹೋದರೆ ಅವನು ತನ್ನ ಫ್ಯಾನು ನಿಲ್ಲಿಸಿ ಬ್ಯಾಟರಿಯನ್ನೆಲ್ಲ ಅದಕ್ಕೇ ಬಿಡುತ್ತಾನೆ. ಬೇಸಿಗೆಯಲ್ಲಿ ಅದರ ಪಕ್ಕದ ಕಿಟಕಿಗೆ ತೋಯಿಸಿದ ಗೋಣಿತಟ್ಟು ಕಟ್ಟಿ, ತಾನು ಬಾಗಿಲಲ್ಲಿ ಬೆವರುತ್ತ ಕೂರುತ್ತಾನೆ. ಕಸ ಗುಡಿಸುವವಳು ಹತ್ತಿರ ಸುಳಿದರೆ ಸಾಕು, "ವಾಯರಿಗೆ ಕಾಲು ತಾಗೀತು, ದೂರ ನಿಂದ್ರವ್ವಾ!" ಎಂದು ಕೂಗುತ್ತಾನೆ. ಮನೆಯ ಲಿಂಗಕ್ಕೂ ಇವನು ಇಷ್ಟು ಉಪಚಾರ ಮಾಡಲಾರ ಎಂದು ಊರು ನಗುತ್ತದೆ. ಆ ಸರ್ವರನ್ನು ಜೋಡಿಸಿದವಳು ಅವನ ತಂಗಿ ಶಿವರಂಜನಿ. ತೆಲಂಗಾಣ ಬೇರೆ ರಾಜ್ಯವಾದ ವರ್ಷ, ಒಂದು ಮಧ್ಯಾಹ್ನ, ಮೈ ಬಿಸಿಯಾಗಿದೆಯೆಂದು ಲಾಗೌಟ್ ಕೂಡ ಮಾಡದೆ ಎದ್ದುಹೋದವಳು ಗದ್ವಾಲದ ಆಸ್ಪತ್ರೆಯಿಂದ ಜೀವಂತ ಮರಳಲಿಲ್ಲ. ಈಗಲೂ ದಿನಾ ಬೆಳಿಗ್ಗೆ ಅವನು ಲಾಗಿನ್ ಆಗಿ ಒಳಗೆ ಯಾರಿದ್ದಾರೆಂದು ಕೀಲಿ ಒತ್ತಿ ಸರ್ವರನ್ನು ಕೇಳುತ್ತಾನೆ. ಅದು ಎರಡು ಹೆಸರು ತೋರಿಸುತ್ತದೆ, ಅವನದು ಮತ್ತು ಅವಳದು. ಒಮ್ಮೆ ಬಂದ್ ಮಾಡಿದರೆ ಅವಳದು ಅಳಿಸಿಹೋಗುತ್ತದೆ. ಮಕ್ತಲಿನ ಇಂಟರ್ನೆಟ್ ಕಂಪನಿಯವನು ಬಂದಾಗಲೆಲ್ಲ ಹೊಸ ರೌಟರ್ ಪುಕ್ಕಟೆ ಇಡುತ್ತೇನೆ, ಐದೇ ನಿಮಿಷ ಇದನ್ನು ನಿಲ್ಲಿಸಿ ಎಂದು ಗೋಗರೆಯುತ್ತಾನೆ. ಮಹಾಂತಪ್ಪ ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳುತ್ತಾನೆ: "ಬಂದ್ ಮಾಡಾಕ ಬರಂಗಿಲ್ರೀ. ನಮ್ಮ ತಂಗಿ ಇನ್ನಾ ಒಳಗದಾಳ."