ಎರಡು ಸಲ ಓದುವವನು

ರೇನೊ ಸಾಲ್ಮಿ ಯಾರನ್ನೂ ನಂಬದ ಮನುಷ್ಯ. ಅದನ್ನು ಮುಚ್ಚಿಟ್ಟುಕೊಳ್ಳುವಷ್ಟು ಸೌಜನ್ಯವೂ ಅವನಲ್ಲಿರಲಿಲ್ಲ. ಬೀಗ ಹಾಕಿದ್ದೇನೆ ಎಂದು ಯಾರಾದರೂ ಹೇಳಿದರೆ ಅವರೆದುರೇ ಹೋಗಿ ಬೀಗ ಎಳೆದು ನೋಡುತ್ತಿದ್ದ. ಗಿರಣಿಯ ಕ್ಯಾಂಟೀನಿನಲ್ಲಿ ಪ್ಯಾಸ್ಟಿ ಎಂಬ ಹೂರಣದ ಕಡುಬು ಕೊಂಡರೆ ಮೊದಲು ಅದರ ತುದಿ ಮುರಿದು, ಮಾಂಸ ಆಲೂಗಡ್ಡೆಯ ಜೊತೆ ಟರ್ನಿಪ್ ಇದೆಯೇ ಎಂದು ಇಣುಕುತ್ತಿದ್ದ. ಅದನ್ನು ಮಾಡುವ ಹೆಂಗಸು ಇಪ್ಪತ್ತು ವರ್ಷಗಳಲ್ಲಿ ಒಂದು ದಿನವೂ ಟರ್ನಿಪ್ ಮರೆತವಳಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಹೋದಾಗ, ಆಗಲೇ ಎಂಟು ಲಾರಿಗಳು ನಿಂತಿರುವ ಜಾಗದ ಪಕ್ಕದಲ್ಲೇ ತೂತು ಕೊರೆದು, ಮಂಜುಗಡ್ಡೆ ಎಷ್ಟು ದಪ್ಪ ಇದೆ ಎಂದು ತಾನೇ ಕೋಲಿಟ್ಟು ಅಳೆಯುತ್ತಿದ್ದ. ನೋಡಿದವರು ನಗುತ್ತಿದ್ದರು. ಅವನು ಅದನ್ನು ಗಮನಿಸುತ್ತಿರಲಿಲ್ಲ.

ಬರ್ನಿ ಲಶಾಪೆಲ್ ಅವನ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದ್ದಳು. ಅವನಿಗೆ ಅರವತ್ತಮೂರು, ಅವಳಿಗೆ ಮೂವತ್ತೆಂಟು. ಇಬ್ಬರೂ ಕಾಗದದ ಗಿರಣಿಯ ವಿದ್ಯುತ್ ವಿಭಾಗದವರು. ಅವನ ಅಪನಂಬಿಕೆಗೆ ಮೊದಲ ಎರಡು ವರ್ಷ ಅವಳು ಸಿಟ್ಟಾದಳು. ಆಮೇಲೆ ಸಿಟ್ಟು ಹೋಗಿ ಕುತೂಹಲ ಉಳಿಯಿತು. ಮನುಷ್ಯ ಹೀಗೆ ಹುಟ್ಟುತ್ತಾನೋ ಅಥವಾ ಯಾವುದೋ ಒಂದು ದಿನ ಹೀಗಾಗುತ್ತಾನೋ ಎಂಬುದು ಅವಳ ಪ್ರಶ್ನೆ. ಊರಿನಲ್ಲಿ ಒಂದು ಸುದ್ದಿ ಇತ್ತು: ಬಹಳ ಹಿಂದೆ ರೇನೊನ ಕಣ್ಣೆದುರು ಯಾರೋ ಸುಟ್ಟು ಹೋದರಂತೆ. ಯಾರು, ಯಾವಾಗ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಹಾಗಾಗಿ ಬರ್ನಿ ಆ ಸುದ್ದಿಯನ್ನು ನಂಬಿರಲಿಲ್ಲ.

ಗಿರಣಿಯಲ್ಲಿ ರೇನೊ ಯಾರ ಕೈಗೂ ಬಿಡದ ವಸ್ತು ಒಂದಿತ್ತು. ಹಳದಿ ಬಣ್ಣದ್ದು, ಕೈಯಲ್ಲಿ ಹಿಡಿಯುವಂಥದ್ದು, ಸಣ್ಣ ಪರದೆ, ಒತ್ತುವ ಹತ್ತಾರು ಕೀಲಿ, ಕೆಳಗೊಂದು ಬಾಲದಂಥ ಕೇಬಲ್. ಕಾಗದಪತ್ರಗಳಲ್ಲಿ ಅದರ ಹೆಸರು ಪ್ರೋಗ್ರಾಮರ್. ಕೆಲಸದವರ ಬಾಯಲ್ಲಿ ಇಟ್ಟಿಗೆ. ಅಪಾಯವಾದಾಗ ಕರೆಂಟ್ ಕಡಿಯುವ ಗಿರಣಿಯ ದೊಡ್ಡ ಬ್ರೇಕರುಗಳು ಒಂದೊಂದೂ ಟ್ರಂಕಿನಷ್ಟಿದ್ದವು. ಪ್ರತಿಯೊಂದರ ಮುಖದಲ್ಲೂ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಎಷ್ಟು ಕರೆಂಟ್ ಹರಿದರೆ ಸುಮ್ಮನಿರಬೇಕು, ಎಷ್ಟಾದರೆ ಕೆಲವು ಸೆಕೆಂಡು ಕಾದು ನೋಡಬೇಕು, ಎಷ್ಟಾದರೆ ಕಾಯದೆ ಕಡಿಯಬೇಕು ಎಂದು ತೀರ್ಮಾನಿಸುವುದು ಆ ಪೆಟ್ಟಿಗೆ. ಅದಕ್ಕೆ ಆ ಬುದ್ಧಿಯನ್ನು ತುಂಬುವುದು ಇಟ್ಟಿಗೆ. ಕೇಬಲ್ ಚುಚ್ಚಿ ‘ಓದು’ ಒತ್ತಿದರೆ ಪೆಟ್ಟಿಗೆಯಲ್ಲಿರುವ ಸಂಖ್ಯೆಗಳು ಪರದೆಗೆ ಬರುತ್ತವೆ. ‘ಕಳಿಸು’ ಒತ್ತಿದರೆ ಪರದೆಯಲ್ಲಿರುವ ಸಂಖ್ಯೆಗಳು ಪೆಟ್ಟಿಗೆಗೆ ಹೋಗುತ್ತವೆ. ಎರಡು ಕೀಲಿಗಳೂ ಅಕ್ಕಪಕ್ಕ. ಸಂಖ್ಯೆ ಹೆಚ್ಚಾದರೆ, ಏನಾದರೂ ಸಿಡಿದಾಗ ಬ್ರೇಕರ್ ಸುಮ್ಮನೆ ನೋಡುತ್ತಿರುತ್ತದೆ, ಎದುರಿಗಿರುವವನು ಸುಡುತ್ತಾನೆ. ಕಡಿಮೆಯಾದರೆ, ಮೋಟಾರ್ ಎದ್ದೇಳುವ ಹೊತ್ತಿಗೇ ಕರೆಂಟ್ ಕಡಿದು ಗಿರಣಿ ನಿಲ್ಲುತ್ತದೆ.

ಈ ಕೆಲಸಕ್ಕೊಂದು ಪದ್ಧತಿ ಇದೆ. ಬ್ರೇಕರನ್ನು ಮುಟ್ಟುವ ಮೊದಲು ಅದರಲ್ಲಿರುವುದನ್ನು ಓದಿ ‘ಕಂಡ ಸಂಖ್ಯೆ’ ಎಂದು ಬರೆಯಬೇಕು. ಪರೀಕ್ಷೆ ಮುಗಿದ ಮೇಲೆ ಮತ್ತೆ ಓದಿ ‘ಬಿಟ್ಟ ಸಂಖ್ಯೆ’ ಎಂದು ಬರೆಯಬೇಕು. ಒಬ್ಬರು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಿ ಬರೆದುಕೊಳ್ಳಬೇಕು. ಎಲ್ಲ ಕಡೆ ಅಷ್ಟಕ್ಕೆ ಮುಗಿಯುತ್ತದೆ. ರೇನೊ ಇದ್ದಲ್ಲಿ ಮುಗಿಯುತ್ತಿರಲಿಲ್ಲ. ಬರ್ನಿ ಹೇಳಿ, ಅವನು ತಿರುಗಿ ಹೇಳಿ, ಬರೆದಾದ ಮೇಲೆ ಕೈ ಚಾಚುತ್ತಿದ್ದ. ಅವಳು ಇಟ್ಟಿಗೆ ಕೊಡಬೇಕು. ಅವನು ಪರದೆಯನ್ನು ತೋಳಿಗೆ ಉಜ್ಜಿ, ಕನ್ನಡಕ ಮೂಗಿಗೆ ಇಳಿಸಿ, ಮೊದಲಿನಿಂದ ಎಲ್ಲವನ್ನೂ ತಾನೇ ಓದಬೇಕು.

ಆ ವರ್ಷ ಶರತ್ಕಾಲದಲ್ಲಿ ಗಿರಣಿಯನ್ನು ನಾಲ್ಕು ದಿನ ನಿಲ್ಲಿಸಿದಾಗ ಬರ್ನಿಯ ಕೋಟಿನ ಜೇಬಿನಲ್ಲಿ ಮೂರು ಹಾಳೆಯ ಒಂದು ಅಧಿಕಾರಪತ್ರ ಇತ್ತು. ರೇನೊ ಡಿಸೆಂಬರಿನಲ್ಲಿ ನಿವೃತ್ತನಾಗುವವನು. ಅವನು ಸಹಿ ಹಾಕಿದರೆ ಅವಳು ಇಟ್ಟಿಗೆಯನ್ನು ಒಬ್ಬಳೇ ಹಿಡಿಯಬಹುದು, ಅವಳ ಮಾತನ್ನು ಇನ್ನೊಬ್ಬರು ಪರೀಕ್ಷಿಸಬೇಕಿಲ್ಲ. ಹಾಕದಿದ್ದರೆ ಕೆಲಸ ಹೊರಗಿನ ಗುತ್ತಿಗೆಯವರಿಗೆ ಹೋಗುತ್ತದೆ, ಅವಳು ಮತ್ತೆ ಏಣಿ ಹತ್ತಿ ದೀಪ ಬದಲಾಯಿಸಬೇಕು. ಎರಡು ವರ್ಷದಲ್ಲಿ ಎರಡು ಸಲ ಕೇಳಿದ್ದಳು. ಎರಡು ಸಲವೂ ಅವನು ಹಾಳೆಗಳನ್ನು ಪೂರ್ತಿ ಓದಿ, ಮಡಿಸಿ, ವಾಪಸು ಕೊಟ್ಟಿದ್ದ.

ಮೊದಲ ದಿನವೇ ಮೇಲ್ವಿಚಾರಕ ಡ್ವೇನ್ ಟ್ರೆಂಬಾತ್ ಬಂದು ಬಾಗಿಲಿಗೆ ಒರಗಿ ನಿಂತ.

“ಏನ್ ರೇನೊ, ಶುಕ್ರವಾರದೊಳಗೆ ಆ ಕಾಗದ ನನ್ನ ಮೇಜಿನ ಮೇಲಿರುತ್ತೋ ಇಲ್ವೋ?”

“ಶುಕ್ರವಾರ ಇನ್ನೂ ಬಂದಿಲ್ಲ.”

“ಹನ್ನೊಂದು ವರ್ಷ ಆಯ್ತು ಮಾರಾಯ ಅವಳು ನಿನ್ನ ಹಿಂದೆ ಕೇಬಲ್ ಹೊತ್ಕೊಂಡು ತಿರುಗಿದ್ದು. ಅಷ್ಟರಲ್ಲಿ ನನ್ನ ನಾಯಿ ಎರಡು ಹುಟ್ಟಿ ಎರಡು ಸತ್ತವು.”

“ನಿನ್ನ ನಾಯಿಗಳಿಗೂ ನಾನು ಸಹಿ ಹಾಕಿರಲಿಲ್ಲ.”

ಡ್ವೇನ್ ಬರ್ನಿಯ ಕಡೆ ನೋಡಿ ಹುಬ್ಬು ಹಾರಿಸಿ ಹೋದ. ಅವಳು ಒಂದನೆಯ ಬ್ರೇಕರಿಗೆ ಕೇಬಲ್ ಚುಚ್ಚಿದಳು.

“ಒಂದು ಮಾತು ಕೇಳ್ತೀನಿ, ನಿಜ ಹೇಳು ರೇನೊ. ನಿನ್ನ ಹೆಂಡತಿ ‘ಉಪ್ಪು ಹಾಕಿದೀನಿ’ ಅಂದ್ರೆ ಏನ್ ಮಾಡ್ತೀಯ?”

“ರುಚಿ ನೋಡ್ತೀನಿ.”

“ಸೌನಾ ಸ್ನಾನದ ಮನೇಲಿ ನೀರು ಕಾದಿದೆ ಅಂದ್ರೆ?”

“ಕೈ ಹಾಕ್ತೀನಿ.”

“ದೇವರು ಇದಾನೆ ಅಂತ ಪಾದ್ರಿ ಹೇಳಿದ್ರೆ?”

“ಪಾದ್ರಿ ನೋಡಿದಾನಾ ಅಂತ ಕೇಳ್ತೀನಿ. ಓದು ಲಶಾಪೆಲ್, ಮಾತು ಸಾಕು.”

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹದಿನಾರು ಬ್ರೇಕರು ಮುಗಿದಿದ್ದವು. ಹದಿನೇಳನೆಯದು ರದ್ದಿ ಕಾಗದವನ್ನು ನೀರಿನಲ್ಲಿ ಅರೆದು ಗಂಜಿ ಮಾಡುವ ದೊಡ್ಡ ತೊಟ್ಟಿಯ ಮೋಟಾರಿನದು; ಅದನ್ನು ಕೂರಿಸಿದ ಮೇಲೆ ಇದೇ ಮೊದಲ ಪರೀಕ್ಷೆ. ರೇನೊ ಪರೀಕ್ಷೆಯ ತಂತಿಗಳ ಸುರುಳಿ ತರಲು ಪಕ್ಕದ ಕೋಣೆಗೆ ಹೋದ. ಬರ್ನಿ ಕೇಬಲ್ ಚುಚ್ಚಿ ಕೀಲಿ ಒತ್ತಿದಳು. ಪರದೆಯ ಮೇಲೆ ‘ಆಯಿತು’ ಎಂದು ಬಂತು.

ಓದಿದಾಗ ‘ಆಯಿತು’ ಎಂದು ಬರುವುದಿಲ್ಲ. ಕಳಿಸಿದಾಗ ಮಾತ್ರ ಬರುತ್ತದೆ.

ಇಟ್ಟಿಗೆಯ ನೆನಪಿನಲ್ಲಿ ಇದ್ದದ್ದು ಹದಿನಾರನೆಯದರ ಸಂಖ್ಯೆಗಳು, ಒಂದು ಗಾಳಿಪಂಪಿನವು. ಅವು ಈಗ ಹದಿನೇಳಕ್ಕೆ ಹೋಗಿ ಕೂತಿದ್ದವು. ಹದಿನೇಳರ ಸ್ವಂತ ಸಂಖ್ಯೆಗಳು ಇನ್ನು ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ‘ಕಂಡ ಸಂಖ್ಯೆ’ಯ ಅಂಕಣ ಖಾಲಿ ಇತ್ತು.

ಪಕ್ಕದಲ್ಲಿ ಎಂಜಿನಿಯರರು ಬರೆದ ನಕ್ಷೆ ಇತ್ತು. ಅದರಲ್ಲಿ ಹದಿನೇಳಕ್ಕೆ ಏನಿರಬೇಕು ಎಂದು ಅಚ್ಚಾಗಿತ್ತು. ಅದನ್ನು ಇಟ್ಟಿಗೆಗೆ ಒತ್ತಿ ಕಳಿಸಲು ಒಂದು ನಿಮಿಷ ಸಾಕು. ಆಮೇಲೆ ಗಟ್ಟಿಯಾಗಿ ಓದಿದರೆ ರೇನೊ ತಿರುಗಿ ಹೇಳುತ್ತಾನೆ, ಕೈ ಚಾಚುತ್ತಾನೆ, ಎರಡನೆಯ ಸಲ ಓದುತ್ತಾನೆ. ಪರದೆಯೂ ಸರಿ, ನಕ್ಷೆಯೂ ಸರಿ. ಅವನು ನೂರು ಸಲ ಓದಿದರೂ ಕಾಣಿಸುವುದಿಲ್ಲ. ಬರ್ನಿಗೆ ಆ ಕ್ಷಣ ಹೊಳೆದದ್ದು ವಿಚಿತ್ರ ಸಂಗತಿ: ಇಷ್ಟು ವರ್ಷ ಅವನು ಮಾಡಿದ ಎರಡನೆಯ ಓದು ಇಂಥ ತಪ್ಪನ್ನು ಹಿಡಿಯಲಾರದು. ಹಾಗಾದರೆ ಅವನು ಓದುತ್ತಿದ್ದದ್ದು ಯಾಕೆ?

ಪಕ್ಕದ ಕೋಣೆಯಲ್ಲಿ ತಂತಿಯ ಸುರುಳಿ ನೆಲದಿಂದ ಎತ್ತಿದ ಸದ್ದಾಯಿತು. ರೇನೊ ಬರುತ್ತಿದ್ದ. ಅವಳು ಹಾಳೆಗಳಿದ್ದ ಜೇಬಿನ ಮೇಲೆ ಕೈ ಇಟ್ಟು, ಕೈ ಹಿಂದಕ್ಕೆ ತೆಗೆದಳು.

“ರೇನೊ, ಹದಿನೇಳಕ್ಕೆ ಹದಿನಾರರದ್ದು ಕಳಿಸಿಬಿಟ್ಟೆ.”

ಅವನು ಸುರುಳಿಯನ್ನು ಹೆಗಲಿನಿಂದ ಇಳಿಸಲಿಲ್ಲ.

“ಓದೋಕೆ ಮುಂಚೆ?”

“ಓದೋಕೆ ಮುಂಚೆ. ಹಳೇದು ಹೋಯ್ತು.”

“ಯಾರಾದ್ರೂ ನೋಡಿದ್ರಾ?”

“ಯಾರಿದ್ರು ಇಲ್ಲಿ ನೋಡೋಕೆ? ನಾನೇ ನೋಡ್ದೆ.”

ಅವನು ಬೈಯುತ್ತಾನೆ ಎಂದು ಅವಳು ಕಾದಳು. ಅವನು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತ.

“ಬರಿ,” ಎಂದ. “ಕಂಡ ಸಂಖ್ಯೆ ಗೊತ್ತಿಲ್ಲ. ತಪ್ಪಾಗಿ ಅಳಿಸಲಾಗಿದೆ. ಕೆಳಗೆ ನಿನ್ನ ಹೆಸರು.”

ಅವಳು ಬರೆದಳು. ಅಕ್ಷರ ಕೆಟ್ಟದಾಗಿ ಬಂತು. “ಇನ್ನು ಆ ಮೂರು ಹಾಳೆಯ ಮಾತು ಎತ್ತಲ್ಲ ನಾನು,” ಎಂದಳು.

ಅವನು ಬೇರೆಯೇ ಮಾತು ತೆಗೆದ.

“ತೊಂಬತ್ತನಾಲ್ಕರಲ್ಲಿ ನಾನೂ ಕಳಿಸಿದ್ದೆ. ಮರದ ಚಕ್ಕೆ ಸಾಗಿಸೋ ಬೆಲ್ಟಿನ ಬ್ರೇಕರಿಗೆ. ಆಗಲೂ ಯಾರೂ ನೋಡಿರಲಿಲ್ಲ. ನಕ್ಷೆ ನೋಡಿ ತುಂಬಿದೆ. ‘ಕಂಡ ಸಂಖ್ಯೆ’ ಅಂತ ಚೆನ್ನಾಗಿ ದುಂಡಗೆ ಬರೆದೆ.”

“ಆಮೇಲೆ?”

“ನನಗಿಂತ ಮುಂಚೆ ಇದ್ದವನು ನಕ್ಷೆಗಿಂತ ಜಾಸ್ತಿ ಇಟ್ಟಿದ್ದನಂತೆ. ಚಳಿಗೆ ಬೆಲ್ಟ್ ಬಿಗೀತದೆ, ಮೋಟಾರ್ ಜಾಸ್ತಿ ಎಳೀತದೆ, ಅದಕ್ಕೆ. ಅವನು ಎಲ್ಲೂ ಬರೆದಿರಲಿಲ್ಲ. ಜನವರಿ ಬಂತು, ಬೆಲ್ಟ್ ಎದ್ದೇಳಲಿಲ್ಲ. ಮೋಟಾರ್ ಕೆಟ್ಟಿದೆ ಅಂದ್ರು. ಗ್ರೀಸ್ ಹಾಕೋನು ಒಬ್ಬ ಇದ್ದ, ಅವನು ಸರಿಯಾಗಿ ಹಾಕಿಲ್ಲ ಅಂದ್ರು. ಒಂದು ವಾರ ಮನೆಗೆ ಕಳಿಸಿದ್ರು.”

“ನೀನು ಏನಂದೆ?”

“ಏನೂ ಅನ್ನಲಿಲ್ಲ.”

“ಯಾವತ್ತೂ?”

“ಈವತ್ತೇ ಮೊದಲು.”

“ಅವನೆಲ್ಲಿದಾನೆ ಈಗ?”

“ಮಣ್ಣಿನಲ್ಲಿ. ಎಂಟು ವರ್ಷ ಆಯ್ತು.”

ಬರ್ನಿ ಒಂಬತ್ತು ವರ್ಷ ಹುಡುಕಿದ ಸಂಗತಿ ಇದು. ಬೆಂಕಿಯಿಲ್ಲ, ಸುಟ್ಟ ದೇಹವಿಲ್ಲ. ದುಂಡಗೆ ಬರೆದ ನಾಲ್ಕು ಸಂಖ್ಯೆ, ಗ್ರೀಸ್ ಹಾಕುವವನ ಒಂದು ವಾರ. ಯಾರೂ ಇಲ್ಲದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದಕ್ಕೆ ಅವನ ಬಳಿ ಒಂದೇ ಒಂದು ಉದಾಹರಣೆ ಇತ್ತು, ಅದು ಅವನೇ. ಆ ಅಳತೆಗೋಲನ್ನೇ ಉಳಿದವರಿಗೆಲ್ಲ ಹಿಡಿದಿದ್ದ. ಅವಳಿಗೆ ಅವನ ಮೇಲೆ ಕನಿಕರ ಬರಲಿಲ್ಲ. ಇನ್ನೂ ಕೇಳಬೇಕು ಅನ್ನಿಸಿತು, ಆದರೆ ಅಷ್ಟರಲ್ಲಿ ಡ್ವೇನ್ ಒಳಗೆ ಬಂದ. ತಪ್ಪನ್ನು ಅವಳೇ ಹೇಳಿದಳು.

“ಅಳಿಸಿದ್ಯಾ? ಅಂದ್ರೆ ಏನರ್ಥ, ಅಳಿಸಿದ್ದು ಅಂದ್ರೆ?” ಡ್ವೇನನ ಕತ್ತು ಕೆಂಪಾಯಿತು. “ನಕ್ಷೆ ಇದೆಯಲ್ಲ, ಅದನ್ನ ಹಾಕಿ ಮುಂದೆ ಹೋಗಿ!”

“ನಕ್ಷೆಯಲ್ಲಿ ಮಾಮೂಲಿ ಕರೆಂಟಿನ ಆರು ಪಟ್ಟಿಗೆ ಕಡೀಲಿ ಅಂತಿದೆ. ಮೋಟಾರ್ ಎದ್ದೇಳುವಾಗ ನಿಜವಾಗಿ ಎಷ್ಟು ಎಳೀತದೆ ಅಂತ ಅಳೀಬೇಕು,” ಎಂದಳು ಬರ್ನಿ.

“ಎಷ್ಟು ಹೊತ್ತು?”

“ತೊಟ್ಟಿಗೆ ನೀರು ತುಂಬಬೇಕು, ರದ್ದಿ ಹಾಕಬೇಕು. ನಾಲ್ಕು ಗಂಟೆ.”

“ನಾಲ್ಕು ಗಂಟೆ! ನಾಳೆ ಗಿರಣಿ ಶುರು ಮಾಡೋದು ತಡ ಆದ್ರೆ ಮೇಲಿನವರಿಗೆ ಏನು ಹೇಳ್ಲಿ? ನಮ್ಮ ಬರ್ನಿಗೆ ಬೆರಳು ದಪ್ಪ ಅಂತಾನಾ?”

“ಹಾಗೇ ಹೇಳು,” ಎಂದ ರೇನೊ. “ನಿಜವೇ ತಾನೆ.”

ಆ ಒಂದು ಮೋಟಾರಿಗೆ ಮಾತ್ರ ಕರೆಂಟ್ ಕೊಟ್ಟು ಅಳೆದರು. ತುಂಬಿದ ತೊಟ್ಟಿಯಲ್ಲಿ ಮೋಟಾರ್ ಎದ್ದಾಗ ಮೀಟರ್ ಏಳೂವರೆ ಪಟ್ಟು ತೋರಿಸಿತು. ನಕ್ಷೆಯ ಆರನ್ನು ಇಟ್ಟಿದ್ದರೆ ಮೊದಲ ತಿರುವಿಗೇ ಕಡಿಯುತ್ತಿತ್ತು. ಎಂಜಿನಿಯರನಿಗೆ ಫೋನ್ ಮಾಡಿ ಕೇಳಿ, ಸ್ವಲ್ಪ ಎಡೆ ಬಿಟ್ಟು ಒಂಬತ್ತು ಇಟ್ಟರು. ಬರ್ನಿ ಓದಿದಳು, ರೇನೊ ತಿರುಗಿ ಹೇಳಿದ, ಬರೆದ, ಕೈ ಚಾಚಿದ, ಪರದೆ ಒರೆಸಿ ಎರಡನೆಯ ಸಲ ಓದಿದ. ಅದರಲ್ಲಿ ಏನೂ ಬದಲಾಗಿರಲಿಲ್ಲ. ಇಪ್ಪತ್ತನಾಲ್ಕನೆಯದರವರೆಗೂ ಹಾಗೆಯೇ ನಡೆಯಿತು.

ನಾಲ್ಕನೆಯ ದಿನ, ಶುಕ್ರವಾರ, ಹತ್ತು ಗಂಟೆಗೆ ಇಡೀ ಗಿರಣಿಗೆ ಕರೆಂಟ್ ಕೊಟ್ಟರು. ಉಳಿದದ್ದು ಒಂದೇ ಕೆಲಸ. ಕರೆಂಟ್ ಇರುವಾಗಲೇ ಹಿಂದಿನ ಸಾಲಿನ ಬ್ರೇಕರ್ ಕಪಾಟುಗಳ ಬಾಗಿಲುಗಳನ್ನು ತೆಗೆದು, ಶಾಖ ತೋರಿಸುವ ಕ್ಯಾಮೆರಾದಲ್ಲಿ ಒಳಗಿನ ತಂತಿಗಳ ಜೋಡಣೆ ಎಲ್ಲಾದರೂ ಕಾದಿದೆಯೇ ಎಂದು ನೋಡಬೇಕು. ಒಳಗೆ ಏನಾದರೂ ಸಿಡಿದರೆ ಬಾಗಿಲ ಎದುರು ನಿಂತವನನ್ನು ಉಳಿಸುವುದು ಮುಖ್ಯ ಬ್ರೇಕರ್ ಒಂದೇ. ಆದ್ದರಿಂದ ಬಾಗಿಲು ತೆಗೆಯುವ ಮೊದಲು ಇಟ್ಟಿಗೆ ಹಿಡಿದು ಅದರ ಸಂಖ್ಯೆಯನ್ನು ಹತ್ತು ಪಟ್ಟಿನಿಂದ ಒಂದೂವರೆಗೆ ಇಳಿಸುತ್ತಾರೆ. ಸಣ್ಣ ಕಿಡಿಗೂ ಕಾಯದೆ ಕಡಿಯಲಿ ಎಂದು. ಬಾಗಿಲು ತೆಗೆಯುವವನು ಯಾವಾಗಲೂ ರೇನೊ.

ಅವನು ಮೊಣಕಾಲು ಮುಟ್ಟುವ ದಪ್ಪ ಕೋಟು ತೊಟ್ಟು ಬಂದ. ಮುಖ ಮುಚ್ಚುವ ಮುಸುಕು ಕಂಕುಳಲ್ಲಿತ್ತು, ಕೈಗವಸು ಇನ್ನೂ ಹಾಕಿರಲಿಲ್ಲ. ಬರ್ನಿ ಮುಖ್ಯ ಬ್ರೇಕರಿನ ಮುಂದೆ ನಿಂತು ಸಂಖ್ಯೆ ಒತ್ತಿ ಕಳಿಸಿದಳು. ‘ಆಯಿತು’ ಬಂತು. ಮತ್ತೆ ಓದಿದಳು.

“ಎಲ್ಲಿ ಆ ಹಾಳೆಗಳು?” ಎಂದ ರೇನೊ.

“ಯಾವ ಹಾಳೆ?”

“ಹನ್ನೊಂದು ವರ್ಷದಲ್ಲಿ ಕಿವಿ ಮಂದ ಆಯ್ತಾ? ನಿನ್ನ ಹಾಳೆ. ಆಮೇಲೆ ಕೈಗವಸು ಬಿಚ್ಚೋಕಾಗಲ್ಲ.”

ಅವಳು ಜೇಬಿನಿಂದ ತೆಗೆದು ಕೊಟ್ಟಳು. ಮಡಿಕೆಗಳಲ್ಲಿ ಕೊಳೆ ಕೂತಿತ್ತು. ಅವನು ಕನ್ನಡಕ ಇಳಿಸಲಿಲ್ಲ. ಮೊದಲ ಎರಡು ಹಾಳೆಗಳನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಮಡಚಿ, ಮೂರನೆಯದನ್ನು ಗೋಡೆಗೆ ಒತ್ತಿ ಹಿಡಿದು ಕೆಳಗೆ ಸಹಿ ಹಾಕಿ ಕೊಟ್ಟ. ಒಂದು ಸಾಲನ್ನೂ ಓದಲಿಲ್ಲ.

ಮುಸುಕು ಹಾಕಿಕೊಂಡ. ಕೈಗವಸು ಏರಿಸಿದ. ಬರ್ನಿ ಅಭ್ಯಾಸದಂತೆ ಇಟ್ಟಿಗೆಯನ್ನು ಅವನ ಕಡೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

“ಎಷ್ಟು?” ಎಂದ ಮುಸುಕಿನ ಒಳಗಿನಿಂದ.

“ಒಂದೂವರೆ.”

“ಒಂದೂವರೆ,” ಎಂದು ತಿರುಗಿ ಹೇಳಿ, ಅವನು ಹಿಂದಿನ ಸಾಲಿಗೆ ನಡೆದುಹೋಗಿ ಮೊದಲ ಬಾಗಿಲಿನ ಚಿಲಕಕ್ಕೆ ಕೈ ಹಾಕಿದ.