ದನಿ ಬಾರದ ವಾಸ್ತುಶಾಂತಿ

ಇಚಲಕರಂಜಿಯಲ್ಲಿ ನಮ್ಮ ಮನೆಗೂ ಸಾವಕ್ಕನ ಮನೆಗೂ ನಡುವೆ ಒಂದೇ ಗೋಡೆ. ಆಕೆ ರೊಟ್ಟಿ ಬಡಿಯುವ ಸದ್ದು ನನಗೆ ಕೇಳುತ್ತದೆ, ನನ್ನ ಪೂಜೆಯ ಗಂಟೆ ಆಕೆಗೆ.

ಸಾವಕ್ಕ ಹುಟ್ಟಿದ್ದು ಕಾಗಲ ತಾಲೂಕಿನ ಸುಳಕೂಡದಲ್ಲಿ, ಕುರಿ ಸಾಕುವ ಮನೆಯಲ್ಲಿ. ಮದುವೆಯಾಗಿ ಇಲ್ಲಿಗೆ ಬಂದಳು. ಗಂಡ ಸತ್ಯಪ್ಪ ಒಬ್ಬ ಸೇಠನ ಕಾರಖಾನೆಯಲ್ಲಿ ಪವರಲೂಮ್ ನಡೆಸುತ್ತಿದ್ದ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಆಕೆಯೂ ಅದೇ ಕಾರಖಾನೆಯಲ್ಲಿ ಕಾಂಡಿಗೆ ನೂಲು ಸುತ್ತುವ ಕೆಲಸಕ್ಕೆ ನಿಂತಳು. ಲೂಮುಗಳ ಸಪ್ಪಳದಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅಲ್ಲಿ ದುಡಿಯುವವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಆ ರೂಢಿ ಮನೆಗೂ ಬರುತ್ತದೆ. ಗಂಡ ಹೆಂಡತಿ ಅಂಗಳದ ಆ ತುದಿ ಈ ತುದಿಯಲ್ಲಿ ನಿಂತು, ದನಿಯೇ ಇಲ್ಲದೆ ಜಗಳಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸತ್ಯಪ್ಪನ ಕಿವಿ ಈಗ ಪೂರಾ ಮಂದ. ಕಿವಿಯನ್ನು ಸೇಠನ ಕಾರಖಾನೆಯಲ್ಲೇ ಬಿಟ್ಟುಬಂದೆ ಎಂದು ತಾನೇ ನಗುತ್ತಾನೆ.

ಸಾವಕ್ಕನಿಗೆ ಒಬ್ಬಳೇ ಅಕ್ಕ, ಗಡಹಿಂಗ್ಲಜದ ಮುಕ್ತಾಬಾಯಿ. ತಾಯಿ ತೀರಿದಾಗ ಸಾವಕ್ಕ ಯಾರನ್ನೂ ಕೇಳದೆ ತಾಯಿಯ ಕರಿ ಕಂಬಳಿಯನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ಅವರ ಮಂದಿಯಲ್ಲಿ ಕಂಬಳಿ ಎಂದರೆ ಬರಿಯ ಹೊದಿಕೆಯಲ್ಲ. ದೇವರ ಗದ್ದುಗೆಗೂ ಅದೇ, ಮುತ್ತೈದೆಯರನ್ನು ಕೂಡಿಸಿ ಉಡಿ ತುಂಬುವುದಕ್ಕೂ ಅದೇ. ಹಿರಿಯಳು ನಾನಿರುವಾಗ ಇವಳು ಹೇಗೆ ಒಯ್ದಳು ಎಂದು ಮುಕ್ತಾಬಾಯಿ ಮಾತು ಬಿಟ್ಟಳು. ಸಾವಕ್ಕನೂ ಬಿಟ್ಟಳು.

ಹೋದ ವರ್ಷ ಮುಕ್ತಾಬಾಯಿಯ ಮಗ ದೀಪಕ ಗಡಹಿಂಗ್ಲಜದಲ್ಲಿ ಹೊಸ ಮನೆ ಕಟ್ಟಿಸಿದ. ವಾಸ್ತುಶಾಂತಿಗೆ ಕರೆಯಲು ಅವನೇ ಬಂದ. ಬರುವಾಗ ಅಜ್ಜಿಯ ಕಂಬಳಿ ತರಬೇಕಂತೆ, ಅವ್ವ ಹೇಳಿದ್ದಾಳೆ ಎಂದ. ಅಕ್ಕನಿಗೆ ಬೇಕಾದದ್ದು ಕಂಬಳಿ, ತಾನಲ್ಲ ಎಂದು ಸಾವಕ್ಕನ ಮನಸ್ಸಿಗೆ ನಾಟಿತು. ಕಂಬಳಿಯನ್ನು ಅವನ ಕೈಯಲ್ಲೇ ಕೊಟ್ಟು ಕಳಿಸಿ ತಾನು ಮನೆಯಲ್ಲಿ ಉಳಿದಳು. ಆಮೇಲೆ ಎರಡು ತಿಂಗಳೂ ಕಳೆದಿರಲಿಲ್ಲ, ಮುಕ್ತಾಬಾಯಿ ಎದೆನೋವು ಬಂದು ತೀರಿಕೊಂಡಳು.

ಮಣ್ಣಿಗೆ ಹೋದಲ್ಲಿ ಒಬ್ಬ ಬೀಗಿತ್ತಿ ಸಾವಕ್ಕನ ಕಿವಿಯಲ್ಲಿ, ವಾಸ್ತುಶಾಂತಿಯ ದಿನ ನಿಮ್ಮಕ್ಕ ನಿನ್ನ ಹೆಸರು ತೆಗೆದು ತೆಗೆದು ಏನೋ ಅನ್ನುತ್ತಿದ್ದಳು, ಹಲಗಿ ಬಾರಿಸುವ ಸಪ್ಪಳದಲ್ಲಿ ನನಗೆ ಕೇಳಿಸಲಿಲ್ಲ ಎಂದಳಂತೆ. ಅಂದಿನಿಂದ ಆ ಮಾತು ಸಾವಕ್ಕನನ್ನು ಕೊರೆಯುತ್ತಿತ್ತು. ಜೋಳ ಹಸನು ಮಾಡುತ್ತ ನನ್ನ ಬಳಿ ಅದನ್ನೇ ಹೇಳುತ್ತಿದ್ದಳು. ಶಾಪ ಹಾಕಿದಳೇನೋ, ಸಿಟ್ಟು ಇಟ್ಟುಕೊಂಡೇ ಹೋದಳೇನೋ ಎಂದು. ನಾನೂ ಜೋಳ ಆರಿಸುತ್ತ ಕೇಳುತ್ತಿದ್ದೆ. ಸಂಜೆ ದೀಪ ಹಚ್ಚುವಾಗ ಅವಳ ಹೆಸರನ್ನೂ ದೇವರ ಮುಂದೆ ಇಡುತ್ತಿದ್ದೆ.

ಒಂದು ರವಿವಾರ ಮಧ್ಯಾಹ್ನ ದೀಪಕ ಹೆಂಡತಿ ಪ್ರಾಜಕ್ತಾಳನ್ನು ಕರೆದುಕೊಂಡು ಬಂದ. ವಾಸ್ತುಶಾಂತಿಯ ವಿಡಿಯೊವನ್ನು ಫೋಟೊದವನು ಈಗ ಕಳಿಸಿದ್ದನಂತೆ. ಮೊಬೈಲಿನಲ್ಲಿ ತೆರೆಯದಷ್ಟು ದೊಡ್ಡ ಫೈಲು. ಕೊಲ್ಹಾಪುರದ ಫೌಂಡ್ರಿಯಲ್ಲಿ ದೀಪಕನಿಗೆ ಆಫೀಸಿನ ಕೆಲಸ. ಅಲ್ಲಿನ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿ ಪೆನ್ ಡ್ರೈವಿಗೆ ಹಾಕಿಕೊಂಡು ನೇರ ಮಾವಶಿ ಸಾವಕ್ಕನ ಮನೆಗೆ ತಂದಿದ್ದ. ಸಾವಕ್ಕ ನನ್ನ ಬಳಿ ಬಂದು, "ವೈನಿ, ನೀವೂ ಬರ್ರಿ. ನನಗ ಒಬ್ಬಾಕಿಗೆ ನೋಡೂದು ಆಗೂದಿಲ್ಲ" ಎಂದಳು.

ದೀಪಕ ಪೆನ್ ಡ್ರೈವನ್ನು ಟಿವಿಯ ಹಿಂದೆ ಸಿಕ್ಕಿಸಿದ. ಚಿತ್ರ ಚೆನ್ನಾಗಿಯೇ ಬಂತು: ಮಾವಿನ ತೋರಣ, ಹೊಸ ಬಾಗಿಲು, ಹಲಗಿಯವರ ಕುಣಿಯುವ ಕೈಗಳು. ದನಿ ಮಾತ್ರ ಇಲ್ಲ. ಈ ಫೈಲಿನ ಧ್ವನಿ ಇಲ್ಲಿ ನಡೆಯುವುದಿಲ್ಲ ಎಂದು ಟಿವಿ ಮೇಲೆ ಒಂದು ಸಾಲು ಬರೆದು ತೋರಿಸಿತು. ದೀಪಕ ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದ, ಕಿತ್ತು ಮತ್ತೆ ಸಿಕ್ಕಿಸಿದ. ಆಫೀಸಿನಲ್ಲಿ ಮೊದಲ ತುಸು ಹಚ್ಚಿ ನೋಡಿದಾಗ ಬರುತ್ತಿತ್ತು, ಮುಂದಿನ ವಾರ ಬದಲಿಸಿ ತರುತ್ತೇನೆ ಎಂದು ಎದ್ದ.

ಸಾವಕ್ಕ ತಲೆ ತಗ್ಗಿಸಿ ಕೂತಿದ್ದಳು. ಟಿವಿಯಲ್ಲಿ ಅಕ್ಕನ ಮುಖ ಬಂದಾಗಿನಿಂದ ಆಕೆ ಕಣ್ಣು ಎತ್ತಿರಲಿಲ್ಲ.

ಅಷ್ಟರಲ್ಲಿ ಸತ್ಯಪ್ಪ ಜೋರಾಗಿ ನಕ್ಕ. ಎಲ್ಲರೂ ಅವನತ್ತ ತಿರುಗಿದೆವು.

"ಆ ರುಮಾಲಿನ ಮುದುಕ ನೋಡ್ರಿ, ಪೂಜಿ ಮುಗಿಯೂಕಿಂತ ಮೊದಲ ಊಟಕ್ಕ ಏನೈತಿ ಅಂತ ಕೇಳಾಕತ್ತಾನ."

"ಕಾಕಾ, ಆವಾಜ ಇಲ್ಲಲ್ರಿ" ಎಂದಳು ಪ್ರಾಜಕ್ತಾ, ಅವನಿಗೆ ಕಾಣುವಂತೆ ಕೈ ಆಡಿಸುತ್ತ.

"ಇಲ್ಲೇನು? ನನಗ ದಿನಾ ಟಿವಿ ಹಿಂಗ ಇರತೈತೆವಾ."

ನಾವು ನಕ್ಕೆವು. ಸಾವಕ್ಕ ನಗಲಿಲ್ಲ, ಆದರೆ ತಲೆ ಎತ್ತಿದಳು. ಪರದೆಯ ಮೇಲೆ ಕರಿ ಕಂಬಳಿ ಹಾಸಿತ್ತು. ಉಡಿ ತುಂಬಲು ಐವರು ಮುತ್ತೈದೆಯರು ಬೇಕು. ನಾಲ್ವರು ಕೂತಿದ್ದರು. ಎಡಗಡೆಯ ತುದಿ ಖಾಲಿ. ಯಾರೋ ಒಬ್ಬಳು ಅಲ್ಲಿ ಕೂಡಲು ಬಂದಳು. ಮುಕ್ತಾಬಾಯಿ ಕೈ ಅಡ್ಡ ಹಿಡಿದು ಏನೋ ಅಂದಳು. ಇನ್ನೊಬ್ಬಳು ಬಂದಳು, ಅವಳಿಗೂ ಅದೇ. ಸಾವಕ್ಕ ಎದ್ದು ಟಿವಿಯ ಮುಂದೆ ಹೋಗಿ ನಿಂತಳು.

"ದೀಪ್ಯಾ, ಹಿಂದಕ್ಕ ಒಯ್ಯಿ."

ಅವನು ಹಿಂದಕ್ಕೆ ಒಯ್ದ. ಸಾವಕ್ಕ ಅಕ್ಕನ ತುಟಿಯನ್ನೇ ನೋಡುತ್ತ, ತಡೆದು ತಡೆದು ಆ ಮಾತನ್ನು ಬಾಯಿಬಿಟ್ಟು ಹೇಳಿದಳು.

"ಅಲ್ಲಿ ಕುಂಡ್ರಬ್ಯಾಡ್ರಿ. ಅದು ನಮ್ಮ ಸಾವೀ ಜಾಗಾ."

ದೀಪಕ ತನ್ನ ಹೆಂಡತಿಯ ಮುಖ ನೋಡಿದ. ಅವರಿಬ್ಬರೂ ಆಗ ಒಳಗೆ ಹೋಮಕ್ಕೆ ಕೂತಿದ್ದರು, ಇದು ಅವರಿಗೂ ಗೊತ್ತಿರಲಿಲ್ಲ. ಚಿತ್ರ ಮುಂದೆ ಓಡಿತು. ಮುಕ್ತಾಬಾಯಿ ಸೆರಗು ಸರಿಮಾಡಿಕೊಂಡು ಬಾಗಿಲವರೆಗೆ ಹೋಗಿ ಹೊರಗೆ ನೋಡಿದಳು. ಮತ್ತೆ ಬಂದಳು. ಕೊನೆಗೆ ಹೊತ್ತಾಯಿತೆಂದು ಯಾರೋ ಅವಸರ ಮಾಡಿರಬೇಕು, ನೆರೆಮನೆಯ ಹೆಣ್ಣುಮಗಳನ್ನು ಆ ತುದಿಯಲ್ಲಿ ಕೂಡಿಸಿದಳು. ಕೂಡಿಸುತ್ತ ನಕ್ಕು ಏನೋ ಅಂದಳು. ಈ ಸಲ ಸಾವಕ್ಕ ಟಿವಿಯ ಅಂಚು ಹಿಡಿದುಕೊಂಡಳು. ಸತ್ಯಪ್ಪನೇ ಹೇಳಿದ.

"ಕಂಬಳಿ ಕಳಿಸ್ಯಾಳಲ್ಲ, ಹಿಂದಿಂದ ತಾನೂ ಬರ್ತಾಳ. ಆಕಿ ಸಿಟ್ಟು ನನಗ ಗೊತ್ತೈತಿ. ಬಂದಾಗ ಕುಂಡ್ರಸ್ತೇನಿ."

ಸಾವಕ್ಕ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಪ್ರಾಜಕ್ತಾ ನೀರು ತರಲು ಏಳಹೋದಳು, ನಾನು ಬೇಡವೆಂದು ಅವಳ ಕೈ ಹಿಡಿದೆ. ಬಹಳ ದಿನದಿಂದ ಹೊತ್ತ ಕೊಡವನ್ನು ಇಳಿಸಿದವರ ಹಾಗೆ ಆಕೆಯ ಹೆಗಲು ಸಡಿಲಾಗುವುದನ್ನು ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಚಹಾಕ್ಕೆ ಇಡುತ್ತೇನೆ, ಯಾರಿಗೆ ಸಕ್ಕರೆ ಕಡಿಮೆ ಎಂದು ಕೇಳಿದಳು.

ಮುಂದಿನ ರವಿವಾರ ದೀಪಕ ಫೈಲು ಬದಲಿಸಿ ಮತ್ತೆ ತಂದ. ಈಗ ದನಿ ಬಂತು. ಬಂದದ್ದು ಬರೀ ಹಲಗಿಯ ಸಪ್ಪಳ. ಮುಕ್ತಾಬಾಯಿಯ ಒಂದು ಮಾತೂ ಕೇಳಿಸಲಿಲ್ಲ. ಪಾಪ, ಹುಡುಗನ ಮುಖ ಬಾಡಿತು.

"ದನಿ ತಗಿ ಮಾರಾಯಾ" ಎಂದಳು ಸಾವಕ್ಕ. "ಅಕ್ಕ ಮಾತಾಡೂದು ಕಾಣಸ್ತೈತಿ, ಸಾಕು."

ಅವನು ದನಿ ಬಂದ್ ಮಾಡಿದ. ಸಾವಕ್ಕ ಮತ್ತೊಮ್ಮೆ ಪೂರ್ತಿ ನೋಡಿದಳು. ಊಟ ಕೇಳುವ ಮುದುಕ ಬಂದಾಗ ಗಂಡನಿಗಿಂತ ಮೊದಲು ತಾನೇ ನಕ್ಕಳು. ಮುಗಿದ ಮೇಲೆ ಕಂಬಳಿ ಈಗ ಎಲ್ಲಿದೆ ಎಂದು ಕೇಳಿದಳು. ದೇವರ ಕೋಣೆಯಲ್ಲೇ ಇದೆ, ತಂದುಕೊಡಲೇ ಎಂದ ದೀಪಕ.

"ಬ್ಯಾಡ. ಅದು ಅಲ್ಲೇ ಇರ್ಲಿ. ಗಡಹಿಂಗ್ಲಜದ ಬಸ್ಸು ಮುಂಜಾನೆ ಎಷ್ಟಕ್ಕ ಐತಿ, ಅದನ್ನ ಹೇಳು."